ಹನ್ನೊಂದು ದಿನದಲ್ಲಿ ಮೆಟ್ಟಿಲು ಹತ್ತಿದ ನನ್ನವ್ವ

ಜೂನ್ 9, ಸೋಮವಾರ

ನಾನು ಲೈಬ್ರರಿ ಬಾಗಿಲು ತೆಗೆದಾಗ ಹತ್ತು ದಾಟಿ ಹತ್ತು ನಿಮಿಷ. ಬೆಟಗೇರಿಯಿಂದ ಕಳಸಾಪುರದ ಬಸ್ಸು ಮತ್ತೆ ಲೇಟು. ಕಂಪ್ಯೂಟರ್ ಎರಡು, ಒಂದರ ಮೌಸ್ ಕೆಟ್ಟಿದೆ. ಮಧ್ಯಾಹ್ನದವರೆಗೆ ಮಾಡಿದ ಕೆಲಸ — ಪಾಪ್‌ಅಪ್ ಮುಚ್ಚುವುದು. ರಿಸಲ್ಟ್ ನೋಡಲು ಹೋದರೆ ರಮ್ಮಿ ಆಟದ ಜಾಹೀರಾತು. ಮಳೆ ಸುದ್ದಿ ನೋಡಲು ಹೋದರೆ 'ನಿಮ್ಮ ಫೋನಿನಲ್ಲಿ ಏಳು ವೈರಸ್'. ದೊಡ್ಡ × ಒತ್ತಿದರೆ ಇನ್ನೊಂದು ಜಾಹೀರಾತು. ನಿಜವಾದ × ಮೂಲೆಯಲ್ಲಿ ಇರುತ್ತದೆ, ಬೂದು ಬಣ್ಣ, ಸಾಸಿವೆ ಕಾಳಿನಷ್ಟು. ಅದೂ ಐದು ಸೆಕೆಂಡ್ ಕಾದ ಮೇಲೆ.

ರಿಟೈರ್ಡ್ ಮಾಸ್ತರು ಲಕ್ಷ್ಮಪ್ಪನವರು ದಿನಾ ಬಂದು 'ಸುದ್ದಿಗೂಡು' ಓದುತ್ತಾರೆ. ನಮ್ಮ ಜಿಲ್ಲೆಯ ಸುದ್ದಿಯ ವೆಬ್‌ಸೈಟು. ಇವತ್ತು ಅದರ ಮೇಲೆ ಅರೆಬಟ್ಟೆಯ ಹುಡುಗಿ ಬಂದು ಕೂತಳು. ಮಾಸ್ತರ ಕಿವಿ ಕೆಂಪಾಯಿತು. "ತಂಗೀ, ಇದನ್ನ ನಾ ಕರದಿಲ್ಲವ್ವಾ. ತಾನ ಬಂತು."

ಹಾಕಿದವನಿಗೆ ನಾಚಿಕೆಯಿಲ್ಲ. ಎಪ್ಪತ್ತೆರಡು ವರ್ಷದ ಮಾಸ್ತರಿಗೆ ನಾಚಿಕೆ. ಸಿಟ್ಟು ಇನ್ನೂ ಇಳಿದಿಲ್ಲ.

ಜೂನ್ 11, ಬುಧವಾರ

"ತಂಗೀ, ಜಲ್ದಿ ಬಾ ಇಲ್ಲಿ. ಇವರು ನಿಮ್ಮ ಅವ್ವಾರಲ್ಲೇನು?"

ಮಾಸ್ತರು ಕರೆದರು. × ಒತ್ತಲು ಹೋದ ಕೈ ನಿಂತಿತು. ಅವ್ವನೇ. ಮಗ್ಗದ ಕಂಬ ಹಿಡಿದು ನಗುತ್ತಿದ್ದಾಳೆ. ಪಕ್ಕದಲ್ಲಿ ಎಣ್ಣೆ ಬಾಟಲಿ. ಮೇಲೆ ಹಳದಿ ಅಕ್ಷರ — 'ಬೆಟಗೇರಿಯ ನೇಕಾರ ಅಜ್ಜಿ ಮಲ್ಲವ್ವನ ಮಂಡಿನೋವು ಮಾಯ! ಹನ್ನೊಂದೇ ದಿನದಲ್ಲಿ ಮೆಟ್ಟಿಲು ಹತ್ತಿದರು! ಮಾತ್ರೆಗಳನ್ನು ಇಂದೇ ಎಸೆಯಿರಿ!'

ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯ್ದವಳು. ಎರಡೂ ಮೊಣಕಾಲು ಹೋಗಿವೆ. ಮನೆಯ ಮಾಳಿಗೆ ಹತ್ತಿ ನಾಲ್ಕು ವರ್ಷವಾಯಿತು.

ಫೋಟೋದ ಗುರುತು ಹತ್ತಿತು. ಎರಡು ವರ್ಷದ ಹಿಂದೆ ಸುದ್ದಿಗೂಡಿನ ಸಂಪಾದಕ ಮನೋಹರ ಅವರೇ ಮನೆಗೆ ಬಂದು ತೆಗೆದದ್ದು. ನೇಕಾರರ ಬಗ್ಗೆ ಬರೆದಿದ್ದರು. ಒಳ್ಳೆಯ ಲೇಖನ. ಅದರಿಂದ ಯಾರೋ ಅವ್ವನನ್ನು ಎತ್ತಿಕೊಂಡು ಹೋಗಿದ್ದಾರೆ… ಹೆಸರು ಸಮೇತ.

ಜೂನ್ 12, ಬೆಳಿಗ್ಗೆ

ತೋರಿಸಿದೆ. ಅವ್ವ ಫೋನನ್ನು ದೂರ ಹಿಡಿದು ನೋಡಿದಳು. ಮೊದಲು ನಕ್ಕಳು.

"ಫೋಟೋ ಚಂದ ಬಂದೈತಲ್ಲಲೇ. ಏನ್ ಬರದಾರ? ಕಣ್ಣಿಗೆ ಚಾಳೀಸ ಇಲ್ಲ, ನೀ ಓದು."

ಓದಿದೆ. ನಗು ನಿಂತಿತು.

"ಮತ್ತೊಮ್ಮೆ ಓದು."

ಮತ್ತೆ ಓದಿದೆ. ಅವ್ವ ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಜೂನ್ 13

ಓಣಿಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ನಳದ ಹತ್ತಿರ ಒಬ್ಬಳು, "ಮಲ್ಲಕ್ಕಾ, ಎಣ್ಣಿ ಗುಟ್ಟು ನಮಗೂ ಹೇಳ್ರಿ" ಅಂದಳಂತೆ. ಅವ್ವ ಅರ್ಧ ಕೊಡ ನೀರು ಬಿಟ್ಟು ಬಂದಳು.

ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ ಕೇಳಿದಳು. "ವಿದ್ಯಾ… ಆ ಎಣ್ಣಿ ಖರೇನ ಹಚ್ಚಿದ್ರ ಕಮ್ಮಿ ಆಕ್ಕತೇನು?"

ತನ್ನದೇ ಮುಖ, ಸುಳ್ಳೆಂದು ಗೊತ್ತು. ಆದರೂ ಒಂದು ಕ್ಷಣ ನಂಬಿದಳು. ನೋವು ಅಷ್ಟಿದೆ.

"ಇಲ್ಲವ್ವಾ. ಸುಳ್ಳು."

"ಹೌದು ಬಿಡು. ನನಗ ಗೊತ್ತಿಲ್ಲೇನು."

ಜೂನ್ 14

ಸುದ್ದಿಗೂಡಿಗೆ ಮೇಲ್ ಹಾಕಿದೆ. ಒಂದೇ ಸಾಲಿನ ಉತ್ತರ — 'ಜಾಹೀರಾತುಗಳು ಹೊರಗಿನ ಏಜೆನ್ಸಿಯಿಂದ ಬರುತ್ತವೆ, ನಮ್ಮ ನಿಯಂತ್ರಣದಲ್ಲಿಲ್ಲ.' ಸೈಬರ್ ಪೊಲೀಸರಿಗೆ ಆನ್‌ಲೈನ್ ದೂರು ಕೊಟ್ಟೆ. ನಂಬರ್ ಬಂತು.

ಆಮೇಲೆ ಲೈಬ್ರರಿಯ ಎರಡೂ ಕಂಪ್ಯೂಟರಿಗೆ, ನನ್ನ ಫೋನಿಗೆ ಜಾಹೀರಾತು ತಡೆಯುವ ಆಡ್‌ಬ್ಲಾಕರ್ ಹಾಕಿದೆ. ಒಂದೂ ಪಾಪ್‌ಅಪ್ ಇಲ್ಲ. ಮಾಸ್ತರು ಖುಷಿ. ಅವ್ವನ ಮುಖವೂ ಬರಲಿಲ್ಲ. ಆತು. ಮುಗಿಯಿತು.

ಜೂನ್ 28, ಶನಿವಾರ

ಮುಗಿದಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಅಷ್ಟೇ.

ಸಂಜೆ ಮನೆಗೆ ಬಂದರೆ ಕಟ್ಟೆಯ ಮೇಲೆ ಒಬ್ಬ ಹೆಂಗಸು. ಐವತ್ತೈದರ ಆಸುಪಾಸು. ಲಕ್ಷ್ಮೇಶ್ವರದ ಗೌಸಬಿ, ಬಳೆ ಮಾರುವವರು. ಮನೆ ಕೇಳುತ್ತ ಕೇಳುತ್ತ ಬಂದಿದ್ದಾರೆ. ಚೀಲದಲ್ಲಿ ಅದೇ ಬಾಟಲಿ.

"ಅಕ್ಕಾರ, ನೀವು ಹೆಂಗ ಹಚ್ಚಿದ್ರಿ? ನಾ ಏನರ ತಪ್ಪು ಮಾಡಿದ್ನೋ ಏನೋ. ನನಗ ಸುಟ್ಟೈತ್ರಿ."

ಅವ್ವ ಒಳಗೆ ಕರೆದುಕೊಂಡು ಹೋಗಿ ನೋಡಿದಳು. ಹೊರಗೆ ಬಂದಾಗ ಮುಖ ಬಿಳುಚಿಕೊಂಡಿತ್ತು. ಮೊಣಕಾಲ ತುಂಬ ಗುಳ್ಳೆ, ಒಡೆದು ಕೀವು. ಜಾಹೀರಾತಿನಲ್ಲಿ ಬರೆದ ಮಾತು ನಂಬಿ ಡಾಕ್ಟರ ಮಾತ್ರೆಯನ್ನೂ ಬಿಟ್ಟಿದ್ದಾರೆ.

"ನಾ ಹಚ್ಚಿಲ್ಲ ತಂಗಿ. ಆ ಎಣ್ಣಿ ನಾ ಕಂಡೇ ಇಲ್ಲ."

ಗೌಸಬಿ ಅವ್ವನನ್ನೇ ನೋಡಿದರು. "ನಿಮ್ಮ ಮಾರಿ ನೋಡಿ ನಂಬಿದ್ನಿರಿ. ನಮ್ಮಂಗ ದುಡಿದಾಕಿ, ಈಕಿ ಸುಳ್ಳ ಹೇಳೂದಿಲ್ಲ ಅಂದ್ನಿ."

ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ದವಾಖಾನೆಗೆ ಕರೆದುಕೊಂಡು ಹೋಗಿ ಡ್ರೆಸಿಂಗ್ ಮಾಡಿಸಿದೆ. ಬಸ್ಸಿಗೆ ಹತ್ತಿಸಿ ಬಂದೆ. ಅವ್ವ ಕತ್ತಲಲ್ಲೇ ಕೂತಿದ್ದಳು, ಲೈಟ್ ಹಾಕಿರಲಿಲ್ಲ.

"ಅವನ ಆಫೀಸ್ ಎಲ್ಲೈತಿ?"

"ಯಾರದು?"

"ಫೋಟೋ ಹಿಡದನಲ್ಲ, ಅಂವಂದು."

ಜೂನ್ 30, ಸೋಮವಾರ

ರಜೆ ಹಾಕಿದೆ. ಗದಗ, ಸ್ಟೇಷನ್ ರಸ್ತೆ. ಸುದ್ದಿಗೂಡಿನ ಆಫೀಸು ಬಟ್ಟೆ ಅಂಗಡಿಯ ಮೇಲೆ, ಎರಡನೇ ಮಾಳಿಗೆ. ಲಿಫ್ಟ್ ಇಲ್ಲ. ಗೌಸಬಿಯೂ ಲಕ್ಷ್ಮೇಶ್ವರದಿಂದ ಬಂದರು, ಕುಂಟುತ್ತ. ಬರಬೇಡಿ ಅಂದಿದ್ದೆ. "ಸುಟ್ಟದ್ದು ನನ್ನ ಕಾಲು, ನಾ ಬರಬಾರದೇನ್ರಿ?"

ಅವ್ವ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಗೌಸಬಿ ಪಕ್ಕದಲ್ಲಿ. ದಾರಿ ಬಂದ್. ನಾನು ಮೇಲೆ ಹೋಗಿ ಮನೋಹರ ಅವರಿಗೆ ಹೇಳಿದೆ. ಇಳಿದು ಬಂದರು. ನಲವತ್ತರ ಒಳಗಿನವರು, ಕಣ್ಣಿನ ಕೆಳಗೆ ಕಪ್ಪು. ಕೈಮುಗಿದರು.

"ಅವ್ವಾರ, ಇಲ್ಯಾಕ ಕುಂತೀರಿ? ಮ್ಯಾಲ ಬರ್ರಿ, ಚಾ ಕುಡಿಯೂಣು."

"ಹತ್ತಾಕ ಬರೂದಿಲ್ಲರಿ. ನಿಮ್ಮ ಪ್ಯಾಪರದಾಗಷ್ಟ ಹತ್ತತೇನಿ. ದಿನಾ."

ಅಂಗಡಿಯವರು ಹೊರಗೆ ಬಂದು ನಿಂತರು. ಮನೋಹರ ದನಿ ಇಳಿಸಿದರು.

"ಅದು ನಾ ಹಾಕಿದ್ದಲ್ಲರಿ. ಏಜೆನ್ಸಿಯವರು ಹಾಕ್ತಾರ. ಯಾವುದು ಬರತೈತಿ ನನಗೂ ಗೊತ್ತಾಗೂದಿಲ್ಲ. ದೇವರಾಣಿ."

"ಬಾಗಲಾ ಯಾರದು?"

"ಏನ್ರಿ?"

"ಬಾಗಲಾ ನಿಮ್ದು. ತಗದ ಇಟ್ಟವ್ರು ನೀವು. ಒಳಗ ಬಂದಾಂವ ನನ್ನ ಹೆಸರ್ಲೆ ಸುಳ್ಳ ಹೇಳಿದ, ಈಕಿ ಕಾಲು ಸುಟ್ಟ. ನನಗ ಗೊತ್ತಿಲ್ಲ ಅಂದ್ರ ಹೆಂಗ?"

ಗೌಸಬಿ ಫೋನಿನಲ್ಲಿದ್ದ ಗಾಯದ ಫೋಟೋ ತೆಗೆದು ಅವರ ಮುಂದೆ ಹಿಡಿದರು. ನೋಡಿದರು. ಮುಖ ತಿರುಗಿಸಿದರು. ಗೌಸಬಿ ಕೈ ಇಳಿಸಲಿಲ್ಲ. ಮತ್ತೆ ನೋಡಬೇಕಾಯಿತು.

"ಈ ಜಾಹೀರಾತು ತಗದ್ರ ಸೈಟ್ ನಡಿಯೂದಿಲ್ಲರಿ ಅವ್ವಾರ. ಖರೆ ಹೇಳ್ತೇನಿ. ಇದರ ಮ್ಯಾಲ ಮೂರು ಮಂದಿ ಅದೀವಿ."

ನನಗೂ ಒಂದು ಗಳಿಗೆ ಪಾಪ ಅನ್ನಿಸಿತು. ಅವ್ವನಿಗೆ ಅನ್ನಿಸಲಿಲ್ಲ.

"ಮಗ್ಗ ನಿಂತಾಗ ನಮ್ಮ ಮನಿನೂ ನಡೀಲಿಲ್ಲರಿ. ನಾವು ಬ್ಯಾರೆದವರ ಮಾರಿ ಮಾರಲಿಲ್ಲ."

ಮನೋಹರ ಅವ್ವನ ಎದುರು ನೆಲದ ಮೇಲೇ ಕೂತುಬಿಟ್ಟರು. ಬಿಳಿ ಪ್ಯಾಂಟು.

"ಏನ್ ಮಾಡಬೇಕು ಹೇಳ್ರಿ."

"ಅವತ್ತ ಫೋಟೋ ಹಿಡದ್ರಿ. ಇವತ್ತ ಮಾತು ಹಿಡೀರಿ. ನಾ ಹೇಳಿದ್ದು ಒಂದಕ್ಷರ ಕತ್ತರಿಸಬಾರದು. ಅದರ ಮ್ಯಾಲ ಒಂದೂ ಜಾಹೀರಾತು ಬರಬಾರದು."

ಅಲ್ಲೇ ಮೆಟ್ಟಿಲಲ್ಲಿ ವಿಡಿಯೋ ಮಾಡಿದರು. ಎರಡು ನಿಮಿಷ. 'ನಾ ಬೆಟಗೇರಿ ಮಲ್ಲವ್ವ. ಆ ಎಣ್ಣಿ ನಾ ಹಚ್ಚಿಲ್ಲ. ನನಗ ಮೆಟ್ಟಲಾ ಹತ್ತಾಕ ಬರೂದಿಲ್ಲ, ನೋಡ್ರಿ, ಕೆಳಗ ಕುಂತೇನಿ. ಗುಳಿಗಿ ಬಿಟ್ಟವ್ರು ನಾಳೆನ ಡಾಕ್ಟರ್ ಕಡೆ ಹೋಗ್ರಿ.' ಆಮೇಲೆ ಗೌಸಬಿ ಮಾತಾಡಿದರು. ಮುಖ ಮುಚ್ಚಿಕೊಳ್ಳುತ್ತೀರಾ ಅಂತ ಮನೋಹರ ಕೇಳಿದರು. "ಮುಚಗೊಳ್ಳಾಕ ನಾ ಏನ್ ಮಾಡೇನ್ರಿ?"

ಜುಲೈ 3

ಸುದ್ದಿಗೂಡಿನಲ್ಲಿ ವಿಡಿಯೋ ಎಲ್ಲಕ್ಕಿಂತ ಮೇಲೆ. ಅದರ ಮೇಲೆ ಒಂದೂ ಜಾಹೀರಾತಿಲ್ಲ. ಏಜೆನ್ಸಿಗೆ ಹೇಳಿ ಔಷಧಿ ಜಾಹೀರಾತನ್ನೆಲ್ಲ ಬಂದ್ ಮಾಡಿಸಿದ್ದಾರೆ. ಮನೋಹರ ಮಾತು ಉಳಿಸಿಕೊಂಡರು.

ಬ್ಲಾಕರ್ ತೆಗೆದು ಬೇರೆ ಸೈಟುಗಳನ್ನು ನೋಡಿದೆ. ಅಡುಗೆಯದು, ಪಂಚಾಂಗದ್ದು. ಅಲ್ಲಿ ಅವ್ವ ಇನ್ನೂ ನಗುತ್ತಿದ್ದಾಳೆ. ಒಂದೊಂದರ ಸ್ಕ್ರೀನ್‌ಶಾಟ್ ತೆಗೆದು, ದೂರಿನ ನಂಬರ್ ಬರೆದು ಪೊಲೀಸರಿಗೆ ಕಳಿಸುತ್ತಿದ್ದೇನೆ. ಇವತ್ತಿಗೆ ಹದಿನೇಳು. ಉತ್ತರ ಬರುವವರೆಗೆ ಬಿಡುವುದಿಲ್ಲ.

ಅವ್ವ ನಳಕ್ಕೆ ಹೋಗಿ ಪೂರ್ತಿ ಕೊಡ ತುಂಬಿಸಿದಳಂತೆ. ಪಕ್ಕದ ಮನೆಯವಳು ಹೊತ್ತು ತಂದಿಟ್ಟು ಹೋದಳು.

ಜುಲೈ 11, ಶುಕ್ರವಾರ

ಫೋನ್. ಮುಂಡರಗಿಯಿಂದ ಕುತುಬುದ್ದೀನ ಅಂತ, ಟೇಲರ್. ವಿಡಿಯೋ ನೋಡಿ ಮನೋಹರ ಅವರಿಂದ ನಂಬರ್ ತಗೊಂಡಿದ್ದಾರೆ. ಅವರ ಮುಖವೂ ಪಾಪ್‌ಅಪ್‌ನಲ್ಲಿ ಬರುತ್ತಿದೆ. ಸಕ್ಕರೆ ಕಾಯಿಲೆಯ ಪುಡಿ. ಜಾಹೀರಾತಿನ ಪ್ರಕಾರ ಇವರು ಇನ್ಸುಲಿನ್ ಬಿಟ್ಟರಂತೆ, ಇನ್ನು ಕೈಯಲ್ಲಿ ಬಟ್ಟೆಯ ಸೂಜಿ ಮಾತ್ರವಂತೆ. ಖರೆ ಏನೆಂದರೆ ದಿನಾ ಎರಡು ಹೊತ್ತು ಚುಚ್ಚಿಕೊಳ್ಳುತ್ತಾರೆ. ಅಂಗಡಿಗೆ ಬಂದವರು ಭೇಷ್ ಅನ್ನುತ್ತಾರೆ. ಇವರು ಸುಮ್ಮನಿರುತ್ತಾರೆ. ಮನೆಯಲ್ಲಿ 'ಬಿಡ್ರಿ, ನಮಗ್ಯಾಕ' ಅಂದರಂತೆ.

"ನಮ್ಮ ಓಣಿ ಒಬ್ಬಾಂವ ನನ್ನ ನೋಡಿ ಇನ್ಸುಲಿನ್ ಬಿಟ್ಟಾನ್ರಿ. ಹೆಂಗ ಹೇಳಬೇಕು ತಿಳೀವಲ್ದು. ನಾಚಿಕಿ ಬರತೈತಿ."

ಸ್ಪೀಕರ್ ಹಾಕಿದ್ದೆ. ಅವ್ವ ಫೋನ್ ಕಸಿದುಕೊಂಡಳು.

"ನಾಚಿಕಿ ನಿಮಗ್ಯಾಕ್ರಿ ಅಣ್ಣಾರ? ನಾಳೆ ಅಂಗಡಿ ತಗದ ಇಡ್ರಿ. ಬರ್ತೀವಿ."

ಜುಲೈ 12, ಬೆಳಿಗ್ಗೆ 7.20

ಅವ್ವ ಐದಕ್ಕೇ ಎದ್ದಿದ್ದಾಳೆ. ತಾನೇ ನೇಯ್ದ ಸೀರೆ ಉಟ್ಟಿದ್ದಾಳೆ. ರಾತ್ರಿಯೆಲ್ಲ ಮೊಣಕಾಲು ಹಿಡಿದಿತ್ತು, ಎರಡು ಸಲ ಬಿಸಿನೀರಿನ ಶಾಖ ಕೊಟ್ಟೆ. ಬೇಡ, ಮುಂದಿನ ವಾರ ಹೋಗೋಣ ಅಂದೆ.

"ಆ ಇನ್ಸುಲಿನ್ ಬಿಟ್ಟಾಂವ ಮುಂದಿನ ವಾರದತನಾ ಇರ್ತಾನೇನಲೇ?"

ಅಲ್ಲಿ ಹೋಗಿ ಏನು ಮಾಡುತ್ತೀ ಅಂತ ಕೇಳಿದೆ.

"ಅಂಗಡಿ ಮುಂದ ಕುಂಡ್ರತೇನಿ. ಅದಕ್ಕೂ ಮೊದಲ ಆ ಮನುಷ್ಯನ ಮನಿಗೆ ಹೋಗೂದು. ಕುತುಬುದ್ದೀನ ಅಣ್ಣಾರಿಗೆ ಅವನ ಮುಂದ ಚುಚ್ಚಗೋರಿ ಅಂತೇನಿ. ಕಣ್ಣಾರೆ ನೋಡಲಿ."

ಗೌಸಬಿ ಶಿರಹಟ್ಟಿ ಬಸ್ಸಿನಲ್ಲಿದ್ದಾರಂತೆ, ನೇರ ಮುಂಡರಗಿಗೇ ಬರುತ್ತಾರೆ. ಮನೋಹರ ಕ್ಯಾಮೆರಾ ತರುತ್ತಾರೆ. ನನ್ನ ಸ್ಕ್ರೀನ್‌ಶಾಟ್ ಫೈಲು, ನೀರಿನ ಬಾಟಲಿ, ಅವ್ವನ ಗುಳಿಗೆ — ಎಲ್ಲ ಇಟ್ಟುಕೊಂಡೆ. ಆಟೋ ಬಂತು. ಅವ್ವ ಆಗಲೇ ಹೊರಗೆ ನಿಂತು ಕೂಗುತ್ತಿದ್ದಾಳೆ, ಬರದದ್ದು ಸಾಕು ಬಾರಲೇ, ಅಲ್ಲಿ ಒಂದು ಜೀವ —