ದೀಪ ಹಚ್ಚುವ ಕೈ

ಮಾವನವರಿಗೆ,

ಕುಶಲ ವಿಚಾರಿಸಲೂ ಪುರಸೊತ್ತಿಲ್ಲ; ದ್ವೀಪದಿಂದ ಈ ಕಾಗದ ಒಯ್ಯುವ ದೋಣಿಯವನು ಅವಸರ ಮಾಡುತ್ತಿದ್ದಾನೆ. ದೀಪಸ್ತಂಭದ ದೊಡ್ಡ ಗಾಜಿಗೆ ಹಗಲು ಪರದೆ ಎಳೆಯಿರಿ ಎಂದು ನೀವು ಬಡಕೊಳ್ಳುತ್ತಿದ್ದಿರಿ. ನಿಮ್ಮ ಮಗ ಮರೆತರು. ಗಾಜು ಹಾಯ್ದ ಬಿಸಿಲಿಗೆ ಎಣ್ಣೆ ಒರೆಸುವ ಬಟ್ಟೆ ಹೊತ್ತಿಕೊಂಡಿತು. ಆರಿಸಲು ಹೋಗಿ ಎರಡೂ ಕೈ ಸುಟ್ಟುಕೊಂಡರು. ಅಂದಿನಿಂದ ದೀಪ ನಾನೇ ಹಚ್ಚುತ್ತಿದ್ದೇನೆ. ಒಂದು ಸಂಜೆಯೂ ತಪ್ಪಿಲ್ಲ.

ನಾಳೆ ಸಾಹೇಬರು ತಪಾಸಣೆಗೆ ಬರುತ್ತಾರೆ. “ಗೊತ್ತಾದರೆ ಕೆಲಸ ಹೋಗುತ್ತೆ. ನಾನು ಕೈ ಮುಚ್ಚಿಕೊಳ್ತೀನಿ, ನೀನು ಬಾಯಿ ಮುಚ್ಚಿಕೊಂಡಿರು” ಅನ್ನುತ್ತಾರೆ ಇವರು.

ಸಾಹೇಬರು ಬರುವ ದೋಣಿಯಲ್ಲೇ ನೀವೂ ಬನ್ನಿ. ಸುಟ್ಟಗಾಯದ ಮುಲಾಮು ತನ್ನಿ. ಹಿಂದೆ ಇದೇ ಕೆಲಸದಲ್ಲಿದ್ದ ನೀವು ಇಲ್ಲಿ ಜ್ವರ ಬಂದು ಮಲಗಿದ್ದಾಗ ದೀಪ ಹಚ್ಚಿದವರು ಅತ್ತೆ, ಭೇಷ್ ಅನ್ನಿಸಿಕೊಂಡವರು ನೀವು. ಈ ಸಲ ಸಾಹೇಬರ ಮುಂದೆ ನನ್ನ ಹೆಸರು ಹೇಳಿ. ಇವರ ಕೈಯಿಂದ ಕೆಲಸ ಹೋಗುವುದಾದರೆ ನನ್ನ ಕೈಗೇ ಬರಲಿ.

ಇಂತಿ,
ಪರದೆ ಎಳೆದು ಬಂದು ಬರೆದ
ನಿಮ್ಮ ಸೊಸೆ