ಕೆಂಪು ಗುರುತಿನ ಹುಳುಗಳು

ಅಡುಗೆಮನೆಯ ಒಲೆಯ ಸುತ್ತ ನೆರೆದಿರುವ ಬಂಧುಗಳೇ, ನೆರೆಹೊರೆಯವರೇ, ಬಾಗಿಲಿಗೆ ಅಡ್ಡ ಮಲಗಿದ ನಾಯಿಯೇ, ಕೇಳಿರಿ! ತಂಗಿ ನೆಸ್ಟಾ, ಈ ಕಾರ್ಡನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದು.

ನಾನು ಅಬೆರಿಸ್ಟ್ವಿತ್ ಊರಿನ ಪ್ರಯೋಗಾಲಯ ತಲುಪಿದೆ. ಹೋದ ಚಳಿಗಾಲ ನಮ್ಮ ಅರ್ಧ ಕುರಿಮಂದೆಯನ್ನು ನುಂಗಿದ, ಯಾವ ಔಷಧಿಗೂ ಜಗ್ಗದ ಆ ಪಿತ್ತಜನಕಾಂಗ ಕೊರೆಯುವ ಈಲಿಹುಳುಗಳ ಸಂತಾನ ಇಲ್ಲಿ ಗಾಜಿನ ತಟ್ಟೆಯಲ್ಲಿ, ದನದ ರಕ್ತದ ತಿಳಿ ಕುಡಿಯುತ್ತ ರಾಜಕುಮಾರರಂತೆ ಬೆಳೆಯುತ್ತಿದೆ! ಪಕ್ಕದ ಗುಡ್ಡದ ಕುರಿಗಾರ ಇಡ್ವಲ್‌ನ ಕುರಿಗಳಿಂದ ತಂದ ಹುಳುಗಳೊಡನೆ ಬೆರೆಯದಿರಲೆಂದು ನಮ್ಮ ತಟ್ಟೆಗೆ ನಮ್ಮ ಕುರಿಗಳ ಬೆನ್ನಿಗೆ ಬಳಿಯುವ ಕೆಂಪು ಗುರುತನ್ನೇ ಹಾಕಿಸಿದೆ. ಸೂಕ್ಷ್ಮದರ್ಶಕದಲ್ಲಿ ಎರಡನ್ನೂ ನೋಡಿ ಗರ್ಜಿಸಿದೆ: "ನೋಡಮ್ಮಾ, ನಮ್ಮವೇ ದಪ್ಪ! ಇಡ್ವಲ್‌ದು ಬರೀ ಬಡಕಲು!"

ಇಲ್ಲಿ ಹುಳು ಸಾಕುವ ಹುಡುಗಿ ಲೂನೆಡ್ ಬಿದ್ದುಬಿದ್ದು ನಕ್ಕಳು. "ತಾತ, ಇದೇನು ಕುರಿ ಪ್ರದರ್ಶನಾನಾ, ಬಹುಮಾನ ಕೊಡೋಕೆ? ಹೊಸ ಔಷಧಿಗೆ ಇವು ಸತ್ರೆ ತಾನೇ ನಿಮ್ಮ ಉಳಿದ ಕುರಿ ಬದುಕೋದು?"

"ಸಾಯಲಿ ಬಿಡಮ್ಮ, ಆದ್ರೆ ಇಡ್ವಲ್‌ಗೆ ಒಂದ್ಸಲ ತೋರಿಸಿ ಸಾಯಿಸೋಣ" ಎಂದೆ.

ಮೊಣಕಾಲು ನೋವಿಲ್ಲ, ಕುರಿಮಾಂಸದ ಸಾರು ಚೆನ್ನಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಾಳೆ ಬೆಳಿಗ್ಗೆ ಆ ದಪ್ಪ ಹುಳುಗಳ ಮೇಲೆ ಹೊಸ ಔಷಧಿಯ ಮೊದಲ ಹನಿಯನ್ನು ಕೈಯಾರೆ ಬಿಡಲಿರುವ,
ನಿನ್ನ ಅಣ್ಣ ಎಮ್ರಿಸ್