ಕಮಟಾಗದ ಎಣ್ಣೆ

ಅಣ್ಣಾ,

ಯಜಮಾನರು ತೀರಿಕೊಂಡ ಮೇಲೆ ನಾನು ಮೀನಿನ ಕಾರ್ಖಾನೆ ಸೇರಿದ್ದು ಮನೆತನಕ್ಕೆ ಅವಮಾನ ಎಂದು ಬರೆದಿದ್ದೀಯ. ಇಲ್ಲಿ ಬಿಸಾಡುವ ಮೀನಿನ ತಲೆ, ಚರ್ಮಗಳನ್ನು ಬೆಚ್ಚನೆಯ ನೀರಿಗೆ ಹಾಕಿ ಕಿಣ್ವ ಬೆರೆಸುತ್ತೇವೆ. ಮಾಂಸವೆಲ್ಲ ಕರಗಿ ಚಹಾ ಬಣ್ಣದ ನೀರಾಗುತ್ತದೆ. ಅದನ್ನು ಒಣಗಿಸಿ, ಎಣ್ಣೆ ಕೆಡದಂತೆ ಬೆರೆಸುವ ಪುಡಿ ಮಾಡುತ್ತೇವೆ. ಬಿಸಿ ಕೋಣೆಯಲ್ಲಿ ಇಟ್ಟಿದ್ದ ಎರಡು ಬಟ್ಟಲು ಎಣ್ಣೆಯಲ್ಲಿ ಪುಡಿ ಬೆರೆಸಿದ್ದು ಹಾಗೇ ಇತ್ತು, ಬೆರೆಸದ್ದು ಕಮಟು ವಾಸನೆ ಹೊಡೆಯಿತು. ಮೂಸಿ ಹೇಳಿದವಳು ನಾನೇ.

“ಅಕ್ಕಾ, ನಿಮ್ಮ ಮೂಗಿಗೆ ವಿಮೆ ಮಾಡಿಸ್ಬೇಕು!” ಎಂದು ಪರೀಕ್ಷೆ ಮಾಡಿಸುವ ಮೇಡಂ ನಕ್ಕರು. ಇಷ್ಟು ದಿನ ಯಜಮಾನರ ಅಂಗಿ ಮೂಸಿಕೊಂಡು ಅಳುತ್ತಿದ್ದ ಮೂಗು ಇದೇ, ನೋಡು.

ಕೈ ಸ್ವಲ್ಪ ಒಡೆದಿದೆ, ಮುಲಾಮು ಹಚ್ಚುತ್ತಿದ್ದೇನೆ. ಭಾನುವಾರ ನನ್ನನ್ನು ಕರೆದುಕೊಂಡು ಹೋಗಲು ಬರುತ್ತೀಯಂತೆ. ಬಾ, ಊಟ ಮಾಡಿಕೊಂಡು ಹೋಗು. ನಾನು ಬರುವುದಿಲ್ಲ. ಸೋಮವಾರ ನನಗೆ ಬೆಳಗಿನ ಪಾಳಿ.

ನಿನ್ನ ತಂಗಿ